ವಾರ್ತೆಯ ಪರಿಶೋಧನೆ: ವೃತ್ತಪತ್ರಿಕೆಯ ಕ್ರಮವೂ ಬ್ಲಾಗಿನ ಕ್ರಮವೂ

ಲೋಕದ ವಾರ್ತೆಯನ್ನು ಸಂಗ್ರಹಿಸಿ ಜನರಿಗೆ ತಿಳಿಸುವ ಕಾರ್ಯವು ಬಹುಕಾಲ ವೃತ್ತಪತ್ರಿಕೆಗಳ ಕೈಯಲ್ಲಿಯೂ, ಅನಂತರ ಅವುಗಳೊಡನೆ ರೇಡಿಯೋ ದೂರದರ್ಶನಗಳ ಕೈಯಲ್ಲಿಯೂ ಇದ್ದಿತು. ಕಳೆದ ಕಾಲು ಶತಮಾನದಿಂದ ಅಂತರ್ಜಾಲದಲ್ಲಿ ಬರೆಯುವವರೂ ಈ ಕಾರ್ಯದಲ್ಲಿ ಪಾಲುಗಾರರಾಗಿರುವರು. ಇವರಲ್ಲಿ ಕೆಲವರು ವೃತ್ತಿಯಿಂದ ಪತ್ರಕರ್ತರು. ಹೆಚ್ಚಿನವರು ವಕೀಲರು, ಉಪಾಧ್ಯಾಯರು, ವಿದ್ಯಾರ್ಥಿಗಳು ಮುಂತಾದ ಸಾಮಾನ್ಯ ಜನರು. ಹಳೆಯ ಪತ್ರಿಕೆಯ ವಾರ್ತೆ ನಂಬತಕ್ಕುದೋ, ಹೊಸ ಜಾಲಬರಹ ನಂಬತಕ್ಕುದೋ ಎಂಬ ಚರ್ಚೆ ಇದರಿಂದ ಹುಟ್ಟಿಕೊಂಡಿತು. ಒಂದು ಪಕ್ಷದವರು, ಪತ್ರಕರ್ತನಿಗೆ ಶಿಕ್ಷಣವೂ ಅನುಭವವೂ ಇರುವುದರಿಂದ ಅವನ ಮಾತೇ ಪ್ರಮಾಣವೆಂದು ಹೇಳುವರು. ಮತ್ತೊಂದು ಪಕ್ಷದವರು, ಪತ್ರಿಕೆಗೆ ಧಣಿಗಳೂ ಜಾಹೀರಾತುದಾರರೂ ಇರುವುದರಿಂದ ಯಾರ ಹಂಗೂ ಇಲ್ಲದ ಬ್ಲಾಗುಗಾರನೇ ಮೇಲೆಂದು ವಾದಿಸುವರು.

ಈ ಎರಡು ಪಕ್ಷಗಳೂ ಬರೆಯುವವನು ಯಾರೆಂಬುದನ್ನೇ ಮುಖ್ಯವಾಗಿ ನೋಡುತ್ತವೆ. ಅದಕ್ಕಿಂತ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳುಂಟು. ವಾರ್ತೆಯ ಪರಿಶೋಧನೆ ಪ್ರಕಟನೆಗೆ ಮೊದಲು ನಡೆಯಿತೇ, ಆಮೇಲೆ ನಡೆಯಿತೇ? ಅದು ಯಾರ ಕಣ್ಣೆದುರಿಗೆ ನಡೆಯಿತು? ತಪ್ಪು ಕಂಡುಬಂದಾಗ ತಿದ್ದಿದ ಗುರುತು ಉಳಿಯಿತೇ? ಹಳೆಯ ಓಲೆಗರಿಗಳನ್ನು ಪರಿಷ್ಕರಿಸಿ ಅಚ್ಚು ಮಾಡುವ ವಿದ್ವಾಂಸರಿಗೆ ಈ ಪ್ರಶ್ನೆಗಳು ಹೊಸವಲ್ಲ. ಗ್ರಂಥಸಂಪಾದನೆಯಲ್ಲಿ ನಾವು ದಿನವೂ ಬಳಸುವ ವಿವೇಕವೇ ವಾರ್ತೆಯ ವಿಷಯದಲ್ಲಿಯೂ ಸಲ್ಲುವುದೆಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸುವುದೇ ಈ ಲೇಖನದ ಉದ್ದೇಶ.

೧

ಮೊದಲು ಹಳೆಯ ಕ್ರಮವನ್ನು ನೋಡೋಣ. ಕನ್ನಡದ ಮೊದಲ ಪತ್ರಿಕೆಯೆಂದು ಪ್ರಸಿದ್ಧವಾದ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದರು. ಅಂಥ ಪತ್ರಿಕೆಯಲ್ಲಿ ಸಂಪಾದಕನೇ ಹೆಚ್ಚು ಕಡಮೆ ಎಲ್ಲವೂ. ಮುಂದೆ ಪತ್ರಿಕೆಗಳು ಬೆಳೆದಂತೆ ಕೆಲಸ ಹಂಚಿಕೆಯಾಯಿತು. ವರದಿಗಾರನು ಸ್ಥಳಕ್ಕೆ ಹೋಗಿ ಕಂಡು ಕೇಳಿ ಬರೆದುದನ್ನು ಉಪಸಂಪಾದಕನು ಓದಿ ಪ್ರಶ್ನೆ ಹಾಕುವನು. ಸುದ್ದಿಸಂಪಾದಕನು ಅದರ ಸ್ಥಾನವನ್ನು ಗೊತ್ತುಮಾಡುವನು. ಕರಡು ತಿದ್ದುವವನು ಹೆಸರು, ಅಂಕಿ, ತಾರೀಖುಗಳನ್ನು ಒಪ್ಪವಿಡುವನು. ಇಷ್ಟೆಲ್ಲ ಆದಮೇಲೆ ಅದು ಅಚ್ಚಿನ ಮನೆಗೆ ಹೋಗುವುದು. ಇದನ್ನು ನಾವು ಪೂರ್ವಶೋಧನೆಯೆಂದು ಕರೆಯಬಹುದು.

ಈ ಕ್ರಮಕ್ಕೆ ಎರಡು ಲಕ್ಷಣಗಳುಂಟು. ಮೊದಲನೆಯದು, ಇಲ್ಲಿ ಹೊಣೆಗಾರನು ಗೊತ್ತಿರುವನು. ಭಾರತದಲ್ಲಿ ೧೮೬೭ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆಯು ಮುದ್ರಕನ ಮತ್ತು ಪ್ರಕಾಶಕನ ಹೆಸರುಗಳು ಅಚ್ಚಾದ ಹಾಳೆಯ ಮೇಲೆಯೇ ಇರಬೇಕೆಂದು ವಿಧಿಸಿತು. ಸಂಪಾದಕನ ಹೆಸರನ್ನು ಕೊಡಬೇಕೆಂಬ ನಿಯಮವೂ ಮುಂದೆ ಬಂದಿತು. ಆ ಕಾಯಿದೆಯ ಸ್ಥಾನದಲ್ಲಿ ೨೦೨೩ರ ಹೊಸ ಕಾಯಿದೆಯು ೨೦೨೪ರ ಮಾರ್ಚ್ ೧ರಿಂದ ಜಾರಿಗೆ ಬಂದಿದೆ. ಸರಕಾರವು ಪತ್ರಿಕೆಗಳ ಮೇಲೆ ಕಣ್ಣಿಡುವುದಕ್ಕೂ ಈ ವಿಧಿ ಸಾಧನವಾಯಿತೆಂಬುದು ನಿಜ. ಆದರೂ ತಪ್ಪು ವಾರ್ತೆಯಿಂದ ನೊಂದವನು ಯಾರ ಬಾಗಿಲಿಗೆ ಹೋಗಬೇಕೆಂಬುದು ಇದರಿಂದ ತಿಳಿಯುವುದು.

ಎರಡನೆಯ ಲಕ್ಷಣವೇನೆಂದರೆ, ಈ ಪರಿಶೋಧನೆಯೆಲ್ಲ ತೆರೆಯ ಹಿಂದೆ ನಡೆಯುತ್ತದೆ. ವರದಿಗಾರನು ಎಷ್ಟು ಜನರನ್ನು ಕೇಳಿದನು, ಯಾವ ಕಾಗದವನ್ನು ನೋಡಿದನು, ಉಪಸಂಪಾದಕನು ಯಾವ ವಾಕ್ಯವನ್ನು ಹೊಡೆದುಹಾಕಿದನು ಎಂಬುದು ವಾಚಕನಿಗೆ ಕಾಣದು. ಪಾಠಾಂತರಗಳನ್ನು ಕೊಡದೆ ತನಗೆ ಸರಿತೋರಿದ ಪಾಠವನ್ನು ಮಾತ್ರ ಅಚ್ಚು ಮಾಡಿದ ಕಾವ್ಯದಂತೆ ಪತ್ರಿಕೆಯ ವಾರ್ತೆಯು ನಮ್ಮ ಕೈಸೇರುತ್ತದೆ. ಸಂಪಾದಕನು ಬಲ್ಲವನಾದರೆ ಪಾಠವು ಶುದ್ಧವಾಗಿರುವುದು. ಅಲ್ಲವಾದರೆ ಅದನ್ನು ಅರಿಯಲು ನಮಗೆ ದಾರಿಯಿಲ್ಲ.

೨

ಬ್ಲಾಗಿನ ಕ್ರಮವು ಇದಕ್ಕೆ ವಿಪರ್ಯಾಸವಾದುದು. ಜಾಲದಲ್ಲಿ ತಾವು ಓದಿದ ಪುಟಗಳ ದಿನಚರಿಯನ್ನು ಬರೆದಿಡುವ ಪದ್ಧತಿಗೆ ಅಮೆರಿಕದ ಜಾರ್ನ್ ಬಾರ್ಗರ್ ಎಂಬವರು ೧೯೯೭ರಲ್ಲಿ ‘ವೆಬ್‌ಲಾಗ್’ ಎಂದು ಹೆಸರಿಟ್ಟರು. ೧೯೯೯ರಲ್ಲಿ ಪೀಟರ್ ಮರ್‌ಹೋಲ್ಟ್ಸ್ ಎಂಬವರು ಆ ಪದವನ್ನು ವಿನೋದಕ್ಕಾಗಿ ಬೇರೆ ರೀತಿಯಲ್ಲಿ ಒಡೆದುದರಿಂದ ‘ಬ್ಲಾಗ್’ ಎಂಬ ರೂಪವು ಹುಟ್ಟಿತು. ಪದಚ್ಛೇದವು ತಪ್ಪಿದಲ್ಲಿ ಹೊಸ ಶಬ್ದ ಹುಟ್ಟುವುದು ಭಾಷಾಶಾಸ್ತ್ರಜ್ಞರಿಗೆ ಪರಿಚಿತವಾದ ಸಂಗತಿಯೇ. ಅದೇ ವರ್ಷ ‘ಬ್ಲಾಗರ್’ ಎಂಬ ಸೌಕರ್ಯವು ಪ್ರಾರಂಭವಾಗಿ, ಅಚ್ಚಿನ ಮನೆಯಾಗಲಿ ಯಂತ್ರವಿದ್ಯೆಯಾಗಲಿ ಇಲ್ಲದವರೂ ಕ್ಷಣಮಾತ್ರದಲ್ಲಿ ಬರೆದು ಪ್ರಕಟಿಸುವಂತಾಯಿತು.

ಬ್ಲಾಗಿನಲ್ಲಿ ಹೊಸ ಬರಹವು ಮೇಲೆಯೂ ಹಳೆಯದು ಕೆಳಗೂ ಇರುತ್ತದೆ. ಲೇಖಕನು ತನ್ನ ಮಾತಿಗೆ ಆಧಾರವಾದ ಪುಟಕ್ಕೆ ಕೊಂಡಿಯನ್ನು ಕೊಡಬಲ್ಲನು; ಓದುವವರು ಅಲ್ಲಿಯೇ ಕೆಳಗೆ ಆಕ್ಷೇಪವನ್ನು ಬರೆಯಬಲ್ಲರು. ಸಾಮಾನ್ಯವಾಗಿ ನಡುವೆ ಉಪಸಂಪಾದಕನಿಲ್ಲ. ಪ್ರಕಟನೆ ಮೊದಲು, ಪರಿಶೋಧನೆ ಆಮೇಲೆ. ಇದನ್ನು ಉತ್ತರಶೋಧನೆಯೆಂದು ಕರೆಯಬಹುದು. ಇದರ ಗುಣವೂ ದೋಷವೂ ಕೆಳಗಿನ ಎರಡು ನಿದರ್ಶನಗಳಲ್ಲಿ ಚೆನ್ನಾಗಿ ಕಾಣುತ್ತವೆ. ಎರಡೂ ಅಮೆರಿಕದಲ್ಲಿ ನಡೆದುವು.

೩

೨೦೦೪ರ ಸೆಪ್ಟೆಂಬರ್ ೮ರಂದು, ಅಧ್ಯಕ್ಷ ಪದವಿಯ ಚುನಾವಣೆಗೆ ಎರಡು ತಿಂಗಳು ಸಹ ಉಳಿದಿಲ್ಲದಾಗ, ಸಿ.ಬಿ.ಎಸ್. ಎಂಬ ಪ್ರಸಿದ್ಧ ದೂರದರ್ಶನ ಸಂಸ್ಥೆಯು ಒಂದು ವರದಿಯನ್ನು ಪ್ರಸಾರ ಮಾಡಿತು. ಅದನ್ನು ಓದಿದವರು ಬಹುವರ್ಷಗಳಿಂದ ಜನರಿಗೆ ಪರಿಚಿತರಾಗಿದ್ದ ಡ್ಯಾನ್ ರಾದರ್. ಆಗ ಅಧ್ಯಕ್ಷರಾಗಿದ್ದ ಜಾರ್ಜ್ ಡಬ್ಲ್ಯು. ಬುಷ್ ಅವರು ತರುಣರಾಗಿದ್ದಾಗ ಟೆಕ್ಸಾಸಿನ ವಾಯುರಕ್ಷಕ ದಳದಲ್ಲಿ ತಮ್ಮ ಕರ್ತವ್ಯವನ್ನು ಸರಿಯಾಗಿ ನಡೆಸಲಿಲ್ಲವೆಂಬುದು ವರದಿಯ ಸಾರಾಂಶ. ಅದಕ್ಕೆ ಆಧಾರವಾಗಿ, ಅವರ ಮೇಲಧಿಕಾರಿಯಾಗಿದ್ದ ಜೆರಿ ಕಿಲಿಯನ್ ಎಂಬವರು ೧೯೭೨ ಮತ್ತು ೧೯೭೩ರಲ್ಲಿ ಬರೆದುವೆಂದು ಹೇಳಲಾದ ಕೆಲವು ಪತ್ರಗಳನ್ನು ತೋರಿಸಿದರು. ಕಿಲಿಯನ್ನರು ೧೯೮೪ರಲ್ಲಿಯೇ ತೀರಿಕೊಂಡಿದ್ದರು. ಸಂಸ್ಥೆಯು ಆ ಪತ್ರಗಳ ಪ್ರತಿಗಳನ್ನು ತನ್ನ ಜಾಲಪುಟದಲ್ಲಿಯೂ ಇರಿಸಿತು.

ಕೆಲವೇ ಗಂಟೆಗಳಲ್ಲಿ, ಗುಪ್ತನಾಮದಿಂದ ಬರೆಯುವ ಒಬ್ಬರು ಜಾಲದ ಒಂದು ಚರ್ಚಾಪುಟದಲ್ಲಿ ಸಂಶಯವನ್ನೆತ್ತಿದರು. ಅವರ ಆಕ್ಷೇಪವು ಪತ್ರದ ವಿಷಯವನ್ನು ಕುರಿತುದಲ್ಲ, ಅಕ್ಷರವನ್ನು ಕುರಿತುದು. ಆ ಕಾಲದ ಸಾಮಾನ್ಯ ಬೆರಳಚ್ಚು ಯಂತ್ರವು ಎಲ್ಲ ಅಕ್ಷರಗಳಿಗೂ ಸಮನಾದ ಎಡೆಯನ್ನು ಕೊಡುತ್ತಿದ್ದಿತು. ಈ ಪತ್ರಗಳಲ್ಲಿಯಾದರೋ ಅಕ್ಷರದ ಅಗಲಕ್ಕೆ ತಕ್ಕಂತೆ ಎಡೆಯು ಹೆಚ್ಚು ಕಡಮೆಯಾಗಿದ್ದಿತು. ಮರುದಿನ ಬೆಳಗ್ಗೆ ‘ಪವರ್ ಲೈನ್’ ಎಂಬ ಬ್ಲಾಗಿನವರು ಈ ಪ್ರಶ್ನೆಯನ್ನು ಎತ್ತಿಕೊಂಡರು. ‘ಲಿಟ್ಲ್ ಗ್ರೀನ್ ಫುಟ್‌ಬಾಲ್ಸ್’ ಎಂಬ ಬ್ಲಾಗಿನ ಚಾರ್ಲ್ಸ್ ಜಾನ್ಸನ್ನರು ಒಂದು ಪತ್ರವನ್ನು ಈ ಕಾಲದ ಗಣಕಯಂತ್ರದಲ್ಲಿ ಹೊಸದಾಗಿ ಅಚ್ಚಿಸಿ, ಸಂಸ್ಥೆಯು ತೋರಿಸಿದ ಪ್ರತಿಯ ಮೇಲಿಟ್ಟು ನೋಡಿ, ಎರಡೂ ಬಹುಮಟ್ಟಿಗೆ ಒಂದರ ಮೇಲೊಂದು ಕೂಡಿಕೊಳ್ಳುವುದನ್ನು ತೋರಿಸಿದರು.

ಇದು ಯಾವ ವಿದ್ಯೆ? ಶಾಸನದಲ್ಲಿ ಹೇಳಿದ ಶಕವರ್ಷಕ್ಕೂ ಅದರ ಲಿಪಿಗೂ ಹೊಂದಿಕೆಯಿಲ್ಲದಿದ್ದರೆ ಅದು ಕೂಟಶಾಸನವಿರಬಹುದೆಂದು ನಮ್ಮ ಶಾಸನತಜ್ಞರು ಶಂಕಿಸುವರಷ್ಟೆ, ಅದೇ ವಿದ್ಯೆ. ಇಲ್ಲಿ ಅದನ್ನು ಪ್ರಯೋಗಿಸಿದವರು ಪತ್ರಿಕಾಲಯದವರಲ್ಲ. ಅಕ್ಷರಗಳ ವಿಷಯ ಬಲ್ಲವರು, ಸೈನ್ಯದ ಕಾಗದಪತ್ರಗಳ ಪರಿಚಯವುಳ್ಳವರು, ಹಳೆಯ ಯಂತ್ರಗಳನ್ನು ಬಳಸಿದವರು, ಹೀಗೆ ದೇಶದ ಮೂಲೆಮೂಲೆಗಳಲ್ಲಿ ಚದರಿಹೋಗಿದ್ದ ಜನರು ತಮ್ಮ ತಮ್ಮ ತಿಳಿವಳಿಕೆಯನ್ನು ಒಂದೆಡೆ ತಂದು ಸುರಿದರು. ಯಾವ ಸುದ್ದಿಮನೆಯಲ್ಲಿಯೂ ಇಷ್ಟು ಬಗೆಯ ಪರಿಣತರು ಒಂದೇ ರಾತ್ರಿ ಕೂಡಿಬರುವುದು ಸಾಧ್ಯವಿಲ್ಲ.

ಆದರೆ ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸುವುದು ನ್ಯಾಯವಲ್ಲ. ಅಗಲಕ್ಕೆ ತಕ್ಕ ಎಡೆಯನ್ನು ಕೊಡುವ ಬೆರಳಚ್ಚು ಯಂತ್ರವೇ ಆಗ ಇರಲಿಲ್ಲವೆಂದು ಬ್ಲಾಗುಗಳಲ್ಲಿ ಕೆಲವರು ಸಾರಿದರು. ಅದು ಸುಳ್ಳು. ಐ.ಬಿ.ಎಂ. ಸಂಸ್ಥೆಯ ಅಂಥ ಯಂತ್ರಗಳು ಹಲವು ದಶಕಗಳ ಹಿಂದಿನಿಂದಲೂ ಬಳಕೆಯಲ್ಲಿದ್ದುವು. ಈ ತಪ್ಪನ್ನು ಬೇರೆ ಓದುಗರು ಎತ್ತಿ ತೋರಿಸಿದರು. ಇದಲ್ಲದೆ, ಕಿಲಿಯನ್ನರ ಕಚೇರಿಯಲ್ಲಿ ಹಿಂದೆ ಕಾರ್ಯದರ್ಶಿಯಾಗಿದ್ದ ವೃದ್ಧೆಯನ್ನು ಹುಡುಕಿ ಮಾತನಾಡಿಸಿದವರು ಹಳೆಯ ಪತ್ರಿಕೆಯವರು, ಎಂದರೆ ‘ಡಲ್ಲಾಸ್ ಮಾರ್ನಿಂಗ್ ನ್ಯೂಸ್’ನವರು. ಆ ಪತ್ರಗಳನ್ನು ತಾನು ಬೆರಳಚ್ಚಿಸಲಿಲ್ಲವೆಂದೂ, ಅವುಗಳಲ್ಲಿರುವ ಅಭಿಪ್ರಾಯವು ಮಾತ್ರ ಕಿಲಿಯನ್ನರದೇ ಎಂದೂ ಆಕೆ ಹೇಳಿದಳು. ಕುಳಿತಲ್ಲಿಂದ ಅಕ್ಷರವನ್ನು ಪರೀಕ್ಷಿಸುವುದು ಒಂದು ಕೆಲಸ. ಎದ್ದುಹೋಗಿ ಬಲ್ಲವರನ್ನು ಕಂಡು ಕೇಳುವುದು ಮತ್ತೊಂದು ಕೆಲಸ. ಎರಡೂ ಕೂಡಿದಾಗಲೇ ಸಂಗತಿಯು ತಿಳಿಯಾಯಿತು.

ಸೆಪ್ಟೆಂಬರ್ ೨೦ರಂದು ಸಿ.ಬಿ.ಎಸ್. ಸಂಸ್ಥೆಯು ಆ ಪತ್ರಗಳನ್ನು ನೈಜವೆಂದು ಸ್ಥಾಪಿಸಲು ತನ್ನಿಂದಾಗದೆಂದು ಒಪ್ಪಿಕೊಂಡಿತು. ರಾದರರು ಕ್ಷಮೆ ಕೇಳಿದರು. ಪತ್ರಗಳನ್ನು ಒದಗಿಸಿದವನು, ಅವು ಎಲ್ಲಿಂದ ದೊರೆತುವೆಂಬ ವಿಷಯದಲ್ಲಿ ತಾನು ಸುಳ್ಳಾಡಿದ್ದುದನ್ನು ಒಪ್ಪಿದನು. ಸ್ವತಂತ್ರ ವಿಚಾರಣಾ ಮಂಡಲಿಯೊಂದರ ವರದಿಯು ೨೦೦೫ರ ಜನವರಿಯಲ್ಲಿ ಹೊರಬಂದಿತು. ಮಂಡಲಿಯು ಪತ್ರಗಳು ಕೃತಕವೆಂದು ಖಚಿತವಾಗಿ ತೀರ್ಮಾನಿಸಲಿಲ್ಲ. ಸರಿಯಾಗಿ ಪರಿಶೋಧಿಸದೆ ಅವಸರದಿಂದ ಪ್ರಸಾರ ಮಾಡಿದುದೇ ಅಪರಾಧವೆಂದು ಹೇಳಿತು. ಪಾಠವು ಪ್ರಕ್ಷಿಪ್ತವೆಂದು ಸಾಧಿಸುವುದು ಬೇರೆ, ಅದನ್ನು ಮೂಲವೆಂದು ಒಪ್ಪಲು ಆಧಾರ ಸಾಲದೆನ್ನುವುದು ಬೇರೆ. ಈ ಭೇದವನ್ನು ಸಂಪಾದಕರಾದವರು ಬಲ್ಲರು.

ಈ ನಿದರ್ಶನದಲ್ಲಿ ಗಮನಿಸತಕ್ಕ ಮುಖ್ಯ ವಿಷಯವೊಂದುಂಟು. ಸಂಸ್ಥೆಯು ಪತ್ರಗಳ ಪ್ರತಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟುದರಿಂದಲೇ ಅದರ ತಪ್ಪು ಬಯಲಾಯಿತು. ಮಾತೃಕೆಯನ್ನು ತೆರೆದಿಟ್ಟವನು ತನ್ನನ್ನು ತಿದ್ದುವ ಉಪಾಯವನ್ನೂ ವಾಚಕನ ಕೈಗೆ ಕೊಟ್ಟಂತಾಯಿತು. ಉತ್ತರಶೋಧನೆಯು ಫಲಿಸುವುದು ಇಂಥಲ್ಲಿಯೇ.

೪

ಇದಕ್ಕೆ ಪ್ರತಿಯಾದ ನಿದರ್ಶನವು ೨೦೧೩ರದು. ಆ ವರ್ಷದ ಏಪ್ರಿಲ್ ೧೫ರಂದು ಬಾಸ್ಟನ್ ನಗರದ ಮ್ಯಾರಥಾನ್ ಓಟದ ಕೊನೆಯ ಗೆರೆಯ ಹತ್ತಿರ ಎರಡು ಬಾಂಬುಗಳು ಸಿಡಿದು ಮೂವರು ಸತ್ತರು. ಗಾಯಗೊಂಡವರು ನೂರಾರು ಮಂದಿ. ‘ರೆಡಿಟ್’ ಎಂಬ ಜಾಲತಾಣದಲ್ಲಿ ಜನರು ಗುಂಪುಗೂಡಿ, ಓಟದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಅಪರಾಧಿಯನ್ನು ಹುಡುಕತೊಡಗಿದರು. ಮೇಲುನೋಟಕ್ಕೆ ಇದು ಕಿಲಿಯನ್ ಪತ್ರಗಳ ಪರಿಶೋಧನೆಯಂತೆಯೇ ತೋರುವುದು: ಆಧಾರವು ತೆರೆದಿದೆ, ನೋಡುವ ಕಣ್ಣುಗಳು ಅಸಂಖ್ಯಾತ. ಆದರೆ ಏಪ್ರಿಲ್ ೧೮ರ ರಾತ್ರಿ, ಅದಕ್ಕೆ ತಿಂಗಳ ಹಿಂದೆಯೇ ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯ ಹೆಸರು ಅಪರಾಧಿಯ ಹೆಸರೆಂದು ಜಾಲದಲ್ಲೆಲ್ಲ ಹರಡಿತು. ಮಗನನ್ನು ಹುಡುಕಿಕೊಡಿರೆಂದು ಮನೆಯವರು ತೆರೆದಿದ್ದ ಪುಟಕ್ಕೆ ನಿಂದೆಯ ಮಾತುಗಳು ಬಂದು ಬಿದ್ದುವು. ಬೆಳಗಾಗುವಷ್ಟರಲ್ಲಿ ಅಪರಾಧಿಗಳು ಬೇರೆಯವರೆಂದು ತಿಳಿಯಿತು. ಆ ವಿದ್ಯಾರ್ಥಿಯ ದೇಹವು ಕೆಲವು ದಿನಗಳಲ್ಲಿ ನದಿಯಲ್ಲಿ ದೊರೆಯಿತು. ಅವನಿಗೂ ಬಾಂಬಿಗೂ ಯಾವ ಸಂಬಂಧವೂ ಇರಲಿಲ್ಲ. ಏಪ್ರಿಲ್ ೨೨ರಂದು ರೆಡಿಟ್‌ನವರು ಬಹಿರಂಗವಾಗಿ ಕ್ಷಮೆ ಬೇಡಿದರು.

ಅಕ್ಷರದ ವಿಷಯದಲ್ಲಿ ತಪ್ಪಿದಾಗ ಅದನ್ನು ಮರುಗಳಿಗೆಯಲ್ಲಿ ತಿದ್ದಬಹುದು, ಕಾಗದಕ್ಕೆ ನೋವಿಲ್ಲ. ಮನುಷ್ಯನ ಹೆಸರಿನ ವಿಷಯದಲ್ಲಿ ತಪ್ಪಿದರೆ, ತಿದ್ದುಪಡಿಯು ಎಷ್ಟೇ ಬೇಗ ಬರಲಿ, ಆದ ಗಾಯವು ಆಗಿಯೇ ಹೋಯಿತು. ಉತ್ತರಶೋಧನೆಯು ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು ಎಂಬುದಕ್ಕೆ ಇದೇ ಎಲ್ಲೆಕಟ್ಟು. ಕಾಗದಪತ್ರ, ಅಂಕಿ, ಉಲ್ಲೇಖ ಇವುಗಳ ವಿಷಯದಲ್ಲಿ ಬಹುಜನರ ಕಣ್ಣು ಉಪಕಾರಿ. ಜೀವಿಸಿರುವ ವ್ಯಕ್ತಿಯ ಮೇಲೆ ದೋಷಾರೋಪಣೆ ಮಾಡುವಲ್ಲಿ ಪೂರ್ವಶೋಧನೆಯಲ್ಲದೆ ಬೇರೆ ಗತಿಯಿಲ್ಲ.

೫

ಹಾಗಾದರೆ ಪೂರ್ವಶೋಧನೆಯನ್ನು ಹಳೆಯ ಪತ್ರಿಕೆಗಳು ಎಂದೂ ಬಿಡುವುದಿಲ್ಲವೆಂದು ತಿಳಿಯಬಹುದೇ? ಬಾಸ್ಟನ್ನಿನ ಆ ವಾರದಲ್ಲಿಯೇ ಇದಕ್ಕೆ ಉತ್ತರವಿದೆ. ಏಪ್ರಿಲ್ ೧೭ರಂದು ಸಿ.ಎನ್.ಎನ್. ದೂರದರ್ಶನವು ಒಬ್ಬನು ಸೆರೆಸಿಕ್ಕಿದನೆಂದು ಸಾರಿತು. ಆಗ ಯಾರೂ ಸೆರೆಸಿಕ್ಕಿರಲಿಲ್ಲ. ಮರುದಿನ ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆಯು ನಿರಪರಾಧಿಗಳಾದ ಇಬ್ಬರು ತರುಣರ ಚಿತ್ರವನ್ನು ಸಂಶಯ ಹುಟ್ಟಿಸುವ ತಲೆಬರಹದೊಡನೆ ಮುಖಪುಟದಲ್ಲಿ ಅಚ್ಚು ಮಾಡಿತು. ಜಾಲದ ವೇಗದೊಡನೆ ಸ್ಪರ್ಧೆಗಿಳಿದಾಗ ಹಳೆಯವರೂ ತಮ್ಮ ಕಟ್ಟಳೆಯನ್ನು ಮೀರುವರು.

ಅವಸರವಿಲ್ಲದಲ್ಲಿಯೂ ಪೂರ್ವಶೋಧನೆಯು ತಪ್ಪಿರುವುದುಂಟು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವರದಿಗಾರನಾಗಿದ್ದ ಜೇಸನ್ ಬ್ಲೇರ್, ತಾನು ಹೋಗದ ಊರುಗಳಿಂದ ವರದಿಗಳನ್ನು ಕಲ್ಪಿಸಿ, ಇತರರ ಬರಹವನ್ನು ಕದ್ದು ಬರೆಯುತ್ತಿದ್ದುದು ೨೦೦೩ರಲ್ಲಿ ಬಯಲಾಯಿತು. ಅವನು ಆ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟನು. ಹಿಂದಿನ ಅಕ್ಟೋಬರಿನಿಂದ ಅವನು ಬರೆದ ೭೩ ವರದಿಗಳಲ್ಲಿ ಕಡಮೆಯೆಂದರೆ ೩೬ರಲ್ಲಿ ದೋಷಗಳಿದ್ದುವೆಂದು ಪತ್ರಿಕೆಯೇ ಮೇ ೧೧ರಂದು ಮುಖಪುಟದಿಂದ ಮೊದಲುಮಾಡಿ ವಿಸ್ತಾರವಾಗಿ ಪ್ರಕಟಿಸಿತು. ಅಷ್ಟೊಂದು ಸಂಪಾದಕರಿದ್ದ ಸುದ್ದಿಮನೆಯಲ್ಲಿ ಇದು ತಿಂಗಳುಗಟ್ಟಲೆ ನಡೆಯಿತು. ತೆರೆಯ ಹಿಂದಿನ ಪರಿಶೋಧನೆಯು ನಡೆದಿದೆಯೆಂಬ ನಂಬಿಕೆಯೇ ಪರಿಶೋಧನೆಯ ಸ್ಥಾನದಲ್ಲಿ ಕುಳಿತರೆ ಆಗುವ ಅನರ್ಥವಿದು.

ಆದರೂ ಒಂದು ಮಾತನ್ನು ಹೇಳಬೇಕು. ತಪ್ಪು ಕಂಡಮೇಲೆ ಆ ಪತ್ರಿಕೆಯು ತನ್ನ ವರದಿಗಳನ್ನು ಗುಟ್ಟಾಗಿ ತಿದ್ದಲಿಲ್ಲ. ಯಾವ ವರದಿಯಲ್ಲಿ ಯಾವ ವಾಕ್ಯ ಸುಳ್ಳೆಂಬುದನ್ನು ಪಟ್ಟಿಮಾಡಿ ತೋರಿಸಿತು. ಅದೇ ವರ್ಷ ವಾಚಕರ ಪರವಾಗಿ ಪತ್ರಿಕೆಯನ್ನೇ ವಿಮರ್ಶಿಸುವ ಒಬ್ಬ ಸಂಪಾದಕನನ್ನು ನೇಮಿಸಿತು. ೨೦೧೭ರಲ್ಲಿ ಆ ಹುದ್ದೆಯನ್ನು ತೆಗೆದುಹಾಕಲಾಯಿತು.

ಅಮೆರಿಕದ ಒಂಬತ್ತನೆಯ ವಿಭಾಗದ ಮೇಲ್ಮನವಿ ನ್ಯಾಯಾಲಯವು ೨೦೧೪ರ ಜನವರಿಯಲ್ಲಿ ಒಂದು ಮಾನನಷ್ಟದ ವ್ಯಾಜ್ಯವನ್ನು ತೀರ್ಮಾನಿಸುತ್ತ, ವಾಕ್‌ಸ್ವಾತಂತ್ರ್ಯದ ರಕ್ಷಣೆಯಲ್ಲಿ ಪತ್ರಿಕಾಸಂಸ್ಥೆಗೂ ಬ್ಲಾಗುಗಾರನಿಗೂ ಭೇದವಿಲ್ಲವೆಂದು ಹೇಳಿತು. ಹಕ್ಕು ಸಮಾನವಾದಮೇಲೆ ಹೊಣೆಯೂ ಸಮಾನವಾಗುವುದು ಯುಕ್ತ. ಬರೆಯುವವನ ವೃತ್ತಿಯನ್ನು ಕೇಳಿ ವಾರ್ತೆಯನ್ನು ಅಳೆಯುವ ವಾದವು ಇದರಿಂದಲೂ ದುರ್ಬಲವಾಯಿತು.

೬

ಇನ್ನು ಮೂರನೆಯ ಪ್ರಶ್ನೆ: ತಿದ್ದಿದ ಗುರುತು ಉಳಿಯಿತೇ? ವಿದ್ವಾಂಸರಿಗೂ ಉಪಾಧ್ಯಾಯರಿಗೂ ಇದೇ ಮುಖ್ಯವಾದುದೆಂದು ತೋರುತ್ತದೆ.

ಅಚ್ಚಾದ ಪತ್ರಿಕೆಯು ಅಳಿಸಲಾಗದುದು. ಇಂದಿನ ಸಂಚಿಕೆಯಲ್ಲಿ ತಪ್ಪು ಬಿದ್ದರೆ ನಾಳಿನ ಸಂಚಿಕೆಯಲ್ಲಿ ತಿದ್ದುಪಡಿ ಬರುವುದು. ಎರಡೂ ಪುಸ್ತಕಭಂಡಾರದಲ್ಲಿ ಜೊತೆಯಾಗಿ ಉಳಿಯುವುವು. ಜಾಲಪುಟವು ಹಾಗಲ್ಲ. ಬೆಳಗ್ಗೆ ಒಂದು ಪಾಠ, ಮಧ್ಯಾಹ್ನ ಮತ್ತೊಂದು ಪಾಠ. ವಿಳಾಸ ಮಾತ್ರ ಒಂದೇ. ಒಳ್ಳೆಯ ಬ್ಲಾಗುಗಾರರು ತಪ್ಪಿದ ಮಾತಿನ ಮೇಲೆ ಗೆರೆ ಎಳೆದು, ಅದು ಓದಲು ಬರುವಂತೆಯೇ ಬಿಟ್ಟು, ಸರಿಯಾದುದನ್ನು ಪಕ್ಕದಲ್ಲಿ ಬರೆಯುವ ಪದ್ಧತಿಯನ್ನು ಬೆಳಸಿದರು. ಲಿಪಿಕಾರನು ಓಲೆಯಲ್ಲಿ ತಪ್ಪಿದ ಅಕ್ಷರವನ್ನು ಹೊಡೆದು ಮುಂದೆ ಬರೆದಂತೆ ಇದು ಪ್ರಾಮಾಣಿಕವಾದ ಕ್ರಮ. ಆದರೆ ದೊಡ್ಡ ಪತ್ರಿಕೆಗಳ ಜಾಲಪುಟಗಳೂ ಸೇರಿ ಅನೇಕವು ಸದ್ದಿಲ್ಲದೆ ಬದಲಾಗುತ್ತವೆ. ೨೦೧೨ರಲ್ಲಿ ಪ್ರಾರಂಭವಾದ ‘ನ್ಯೂಸ್‌ಡಿಫ್ಸ್’ ಎಂಬ ಸಾಧನವು ಕೆಲವು ಪ್ರಸಿದ್ಧ ಪತ್ರಿಕೆಗಳ ಜಾಲವರದಿಗಳ ಬೇರೆ ಬೇರೆ ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು, ಪ್ರಕಟವಾದಮೇಲೆ ಆದ ಬದಲಾವಣೆಗಳನ್ನು ತೋರಿಸಿತು. ಅದು ವಾರ್ತೆಯ ಪಾಠಾಂತರಸೂಚಿಯಲ್ಲದೆ ಮತ್ತೇನು?

ಬದಲಾಗುವುದಕ್ಕಿಂತ ಹೆಚ್ಚಿನ ಕೇಡು ಇಲ್ಲವಾಗುವುದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೩ರಲ್ಲಿ ಇದ್ದ ಜಾಲಪುಟಗಳಲ್ಲಿ ನೂರಕ್ಕೆ ೩೮ರಷ್ಟು ಹತ್ತು ವರ್ಷಗಳಲ್ಲಿ ಕಾಣದಾದುವು. ೧೯೯೬ರಲ್ಲಿ ಬ್ರೂಸ್ಟರ್ ಕೇಲ್ ಅವರು ಸ್ಥಾಪಿಸಿದ ‘ಇಂಟರ್‌ನೆಟ್ ಆರ್ಕೈವ್’ ಸಂಸ್ಥೆಯು ಪುಟಗಳ ಪ್ರತಿಗಳನ್ನು ಕಾಲಕಾಲಕ್ಕೆ ತೆಗೆದಿಡುತ್ತಿದೆ. ೨೦೦೧ರಿಂದ ಅವು ಸಾರ್ವಜನಿಕರಿಗೂ ದೊರೆಯುತ್ತಿವೆ. ಆದರೆ ಎಲ್ಲ ಪುಟಗಳೂ ಎಲ್ಲ ಗಳಿಗೆಗಳಲ್ಲಿಯೂ ಅಲ್ಲಿ ಸೇರುವುದಿಲ್ಲ. ಹುಳು ತಿಂದ ಓಲೆಗರಿಯಲ್ಲಿ ತ್ರುಟಿತವಾದ ಭಾಗವಾದರೂ ಇಂಥಲ್ಲಿ ಏನೋ ಇದ್ದಿತೆಂದು ಹೇಳುವುದು. ಅಳಿಸಿಹೋದ ಜಾಲಪುಟವು ತಾನು ಇದ್ದೆನೆಂಬುದನ್ನು ಸಹ ಹೇಳದೆ ಹೋಗಬಹುದು. ನಮ್ಮ ಕಾಲದ ಚರಿತ್ರೆಯನ್ನು ಮುಂದೆ ಬರೆಯುವವರು ಯಾವ ಸಾಕ್ಷ್ಯದಿಂದ ಬರೆಯಬೇಕು?

ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯನ್ನು ಬರೆದುದು ಹಸ್ತಪ್ರತಿಗಳ ವಿಷಯವಾಗಿ. ಅಂಥ ಗ್ರಂಥಗಳಿಂದ ನಮ್ಮ ವಿದ್ಯಾರ್ಥಿಗಳು ಕಲಿಯುವ ಪಾಠಪರೀಕ್ಷೆಯ ಶಿಸ್ತನ್ನು ಈಗ ವಾರ್ತೆಗೂ ವಿಸ್ತರಿಸುವುದು ಉಪಾಧ್ಯಾಯರ ಕರ್ತವ್ಯವಾಗಿದೆ. ಜಾಲಬರಹವನ್ನು ಉಲ್ಲೇಖಿಸುವಾಗ ವಿಳಾಸದೊಡನೆ ನೋಡಿದ ದಿನವನ್ನೂ ವೇಳೆಯನ್ನೂ ಕಾಣಿಸಬೇಕು. ಸಾಧ್ಯವಾದಲ್ಲಿ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಬೇಕು. ಒಂದೇ ಘಟನೆಯ ಪತ್ರಿಕಾವರದಿಯನ್ನೂ ಬ್ಲಾಗಿನ ಬರಹವನ್ನೂ ಎದುರುಬದುರು ಇಟ್ಟು, ಯಾವುದರಲ್ಲಿ ಆಧಾರವು ಕಾಣುತ್ತದೆ, ಯಾವುದು ಮತ್ತೊಂದರ ನಕಲು, ತಪ್ಪು ಎಲ್ಲಿ ಮೊದಲು ಹೊಕ್ಕಿತು ಎಂಬುದನ್ನು ತರಗತಿಯಲ್ಲಿ ವಿಚಾರಮಾಡಿಸಬಹುದು. ಹತ್ತು ಪ್ರತಿಗಳು ಒಂದೇ ತಪ್ಪನ್ನು ಹೇಳಿದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಮಾತೃಕೆಯ ಸಂತಾನವಿರಬಹುದು. ಹಸ್ತಪ್ರತಿಗಳ ಈ ನ್ಯಾಯವು ಸಾವಿರ ಪುಟಗಳಲ್ಲಿ ಹರಿದಾಡುವ ವಾರ್ತೆಗೂ ಅಕ್ಷರಶಃ ಅನ್ವಯಿಸುವುದು.

ಒಟ್ಟಿನಲ್ಲಿ, ಪತ್ರಿಕೆಯ ಕ್ರಮಕ್ಕೂ ಬ್ಲಾಗಿನ ಕ್ರಮಕ್ಕೂ ಇರುವ ಭೇದವು ಸತ್ಯಕ್ಕೂ ಅಸತ್ಯಕ್ಕೂ ಇರುವ ಭೇದವಲ್ಲ. ಒಂದು ಮೊದಲು ಶೋಧಿಸಿ ಆಮೇಲೆ ಹೇಳುವುದು. ಮತ್ತೊಂದು ಹೇಳಿ ಆಮೇಲೆ ಶೋಧಿಸುವುದು. ಮನುಷ್ಯನ ಮಾನಪ್ರಾಣಗಳ ವಿಷಯದಲ್ಲಿ ಮೊದಲನೆಯದನ್ನು ಬಿಡಕೂಡದು. ಕಾಗದಪತ್ರಗಳ ವಿಷಯದಲ್ಲಿ ಎರಡನೆಯದರಿಂದ ಹಳೆಯವರು ಕಲಿಯಬೇಕಾದುದು ಬಹಳವಿದೆ. ಯಾವ ಕ್ರಮವನ್ನು ಹಿಡಿದರೂ ಆಧಾರವನ್ನು ತೋರಿಸುವುದು, ತಿದ್ದಿದುದನ್ನು ಮರೆಮಾಡದಿರುವುದು ಇವೆರಡು ಇಬ್ಬರಿಗೂ ಸಾಮಾನ್ಯ ಧರ್ಮ. ಇವು ಇಲ್ಲದಲ್ಲಿ ಬರೆದವನು ಎಷ್ಟು ದೊಡ್ಡವನಾದರೂ ಅವನ ವಾರ್ತೆಯನ್ನು ಶೋಧಿಸದ ಪ್ರತಿಯೆಂದೇ ಎಣಿಸಿ ಓದತಕ್ಕುದು.